ಮನೆಯಲ್ಲಿ ಬಿಯರ್: ಮೊದಲು ಕೊಳ್ಳಬೇಕಾದ ಉಪಕರಣಗಳು, ಕಾಯಬಹುದಾದವು

ಮನೆಯಲ್ಲಿ ಬಿಯರ್ ತಯಾರಿಸಲು ಏನೇನು ಬೇಕು ಎಂದು ಯಾರಾದರೂ ಕೇಳಿದರೆ ನಾನು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯುತ್ತೇನೆ. ಗೆರೆಯ ಎಡಕ್ಕೆ ಒಲೆ ಆರಿಸುವ ತನಕದ ಕೆಲಸ, ಬಲಕ್ಕೆ ಒಲೆ ಆರಿಸಿದ ಮೇಲಿನ ಕೆಲಸ. ಎಡಗಡೆಯ ಎಷ್ಟೋ ಕೊರತೆಗಳನ್ನು ಕುದಿಯುವ ಶಾಖವೇ ಸರಿಪಡಿಸುತ್ತದೆ. ಪಾತ್ರೆ ಹಳೆಯದಾಗಿರಲಿ, ಸೌಟು ಅಡುಗೆಮನೆಯದೇ ಆಗಿರಲಿ, ಬಿಯರ್‌ಗೆ ಅದರಿಂದ ಕೆಡುಕಿಲ್ಲ. ಬಲಗಡೆ ಹಾಗಲ್ಲ. ಬಿಯರ್ ಆಗಲಿರುವ, ತಣ್ಣಗಾಗುತ್ತಿರುವ ಸಿಹಿ ದ್ರವ ನಾವು ಹಾಕುವ ಯೀಸ್ಟ್‌ಗೆ ಎಷ್ಟು ಪ್ರಿಯವೋ ಗಾಳಿಯಲ್ಲಿ, ಕೈಯಲ್ಲಿ, ಪಾತ್ರೆಯ ಗೀರುಗಳಲ್ಲಿ ಕಾದು ಕುಳಿತ ಇತರ ಸೂಕ್ಷ್ಮಜೀವಿಗಳಿಗೂ ಅಷ್ಟೇ ಪ್ರಿಯ. ಹೊಸಬರು ಸಾಮಾನ್ಯವಾಗಿ ಹಣವನ್ನೆಲ್ಲ ಎಡಗಡೆಗೆ ಸುರಿಯುತ್ತಾರೆ. ಹೊಳೆಯುವ ದೊಡ್ಡ ಹಂಡೆ, ಧಾನ್ಯ ಒಡೆಯುವ ಯಂತ್ರ, ತಾಮ್ರದ ಸುರುಳಿ ಎಲ್ಲ ಬರುತ್ತವೆ, ಹುದುಗು ಬರುವ ಪಾತ್ರೆ ಮಾತ್ರ ಸಿಕ್ಕ ಬಕೆಟ್ ಆಗಿರುತ್ತದೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ: ಮೊದಲು ಬಲಗಡೆಯನ್ನು ಗಟ್ಟಿ ಮಾಡಿಕೊಳ್ಳಿ.

ಉಪಕರಣಗಳ ಮಾತಿಗೆ ಮುನ್ನ ಕೆಲಸದ ಕ್ರಮ ಗೊತ್ತಿರಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದರ ಸಕ್ಕರೆ ಅಂಶವನ್ನು ಬಿಸಿ ನೀರಿಗೆ ಬಿಡಿಸಿಕೊಂಡಾಗ ಸಿಗುವ ಸಿಹಿ ದ್ರವಕ್ಕೆ ವರ್ಟ್ ಎನ್ನುತ್ತಾರೆ. ವರ್ಟ್ ಅನ್ನು ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನೊಂದಿಗೆ ಸುಮಾರು ಒಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿ, ಒಂದೆರಡು ವಾರ ಹುದುಗಲು ಬಿಟ್ಟು, ಸ್ವಲ್ಪ ಸಕ್ಕರೆಯೊಂದಿಗೆ ಬಾಟಲಿಗೆ ತುಂಬಿ, ಇನ್ನೆರಡು ವಾರ ಕಾಯಬೇಕು. ಮೊದಲ ಬಾರಿ ಧಾನ್ಯದಿಂದ ಆರಂಭಿಸುವ ಅಗತ್ಯವಿಲ್ಲ. ಪುಡಿಯಾಗಿ ಅಥವಾ ಪಾಕದಂತೆ ಸಿಗುವ ಮಾಲ್ಟ್ ಸಾರವನ್ನು ನೀರಿನಲ್ಲಿ ಕರಗಿಸಿದರೆ ವರ್ಟ್ ಸಿದ್ಧವಾಗುತ್ತದೆ. ಧಾನ್ಯಕ್ಕೆಂದೇ ಬೇಕಾಗುವ ಉಪಕರಣಗಳೆಲ್ಲ ಆ ಮಟ್ಟಿಗೆ ಮುಂದಕ್ಕೆ ಹೋಗುತ್ತವೆ.

ಪ್ರಮಾಣದ ಬಗ್ಗೆ ಒಂದು ಮಾತು. ಮನೆ ಬಿಯರ್‌ನ ಬಹುಪಾಲು ಪಾಕವಿಧಾನಗಳು 19 ಲೀಟರಿಗೆ ಬರೆದಿರುತ್ತವೆ. ನಾನು 10 ಲೀಟರಿನಿಂದ ಆರಂಭಿಸಲು ಹೇಳುತ್ತೇನೆ. ಅಷ್ಟನ್ನು ಸಾಮಾನ್ಯ ಒಲೆ ಚೆನ್ನಾಗಿ ಕುದಿಸಬಲ್ಲದು, ಒಬ್ಬರೇ ಎತ್ತಿ ಇಳಿಸಬಹುದು, ಐಸ್ ನೀರಿನಲ್ಲಿ ಬೇಗ ತಣಿಸಬಹುದು. ಕೆಳಗಿನ ಅಳತೆಗಳೆಲ್ಲ ಈ 10 ಲೀಟರಿನ ಲೆಕ್ಕದವು. ಮನೆಯಲ್ಲಿ ಬಿಯರ್ ತಯಾರಿಸುವ ಬಗ್ಗೆ ಕಾನೂನು ಎಲ್ಲ ಕಡೆ ಒಂದೇ ಅಲ್ಲ. ಕೆಲವೆಡೆ ಸ್ವಂತಕ್ಕೆ ಮುಕ್ತ ಅವಕಾಶವಿದೆ, ಕೆಲವೆಡೆ ಪರವಾನಗಿ ಬೇಕು, ಕೆಲವೆಡೆ ನಿಷೇಧವಿದೆ. ಒಂದು ಬಕೆಟ್ ಕೊಳ್ಳುವ ಮುನ್ನ ನೀವಿರುವಲ್ಲಿನ ನಿಯಮ ತಿಳಿದುಕೊಳ್ಳಿ.

ಒಲೆಯ ಮೇಲಿನವು

ಎಡಗಡೆಯನ್ನು ಬೇಗ ಮುಗಿಸುತ್ತೇನೆ. ಕೊನೆಗೆ 10 ಲೀಟರ್ ಉಳಿಯಬೇಕಾದರೆ ಸುಮಾರು 13 ಲೀಟರ್ ದ್ರವ ಒಲೆಯ ಮೇಲಿರಬೇಕು, ಏಕೆಂದರೆ ಒಂದು ಗಂಟೆಯಲ್ಲಿ ಎರಡು ಮೂರು ಲೀಟರ್ ಆವಿಯಾಗಿ ಹೋಗುತ್ತದೆ. ಪಾತ್ರೆ ಮಾತ್ರ 18ರಿಂದ 20 ಲೀಟರಿನದಿರಲಿ. ವರ್ಟ್ ಕುದಿ ಹತ್ತುವಾಗ ಹಾಲಿನಂತೆಯೇ ಉಕ್ಕುತ್ತದೆ, ಮೊದಲ ಹಾಪ್ಸ್ ಹಾಕಿದಾಗ ಮತ್ತೊಮ್ಮೆ ಉಕ್ಕುತ್ತದೆ. ಆ ಹೊತ್ತಿನಲ್ಲಿ ಒಲೆ ಬಿಟ್ಟು ಕದಲಬೇಡಿ, ಕೈಯಲ್ಲಿ ತಣ್ಣೀರಿನ ಸ್ಪ್ರೇ ಬಾಟಲಿ ಇರಲಿ. ಸ್ಟೀಲ್ ಪಾತ್ರೆ ಒಳ್ಳೆಯದು. ಅಲ್ಯೂಮಿನಿಯಂ ಕೂಡ ಸರಿಯೇ, ಆದರೆ ಅದನ್ನು ಕ್ಷಾರದ ಪುಡಿಗಳಿಂದ ತೊಳೆಯಬಾರದು. ಉದ್ದ ಹಿಡಿಯ ಸೌಟು, ಒಂದೊಂದು ಗ್ರಾಮನ್ನೂ ತೋರಿಸುವ ತಕ್ಕಡಿ ಇದ್ದರೆ ಈ ಹಂತಕ್ಕೆ ಬೇಕಾದದ್ದೆಲ್ಲ ಇದ್ದಂತೆ.

ಬಳಸುವಾಗ ಎರಡು ಎಚ್ಚರಿಕೆ. ಮಾಲ್ಟ್ ಸಾರ ಸುರಿಯುವಾಗ ಒಲೆ ಆರಿಸಿ, ಪೂರ್ತಿ ಕಲಕಿದ ಮೇಲೆ ಮತ್ತೆ ಹಚ್ಚಿ, ಇಲ್ಲವಾದರೆ ಸಾರ ತಳ ಹಿಡಿದು ಸುಟ್ಟ ವಾಸನೆ ಬಿಯರ್‌ನ ತನಕ ಬರುತ್ತದೆ. ಕುದಿಯುವಾಗ ಪಾತ್ರೆಯನ್ನು ಮುಚ್ಚಬೇಡಿ. ಮಾಲ್ಟ್‌ನಿಂದ ಹುಟ್ಟುವ, ಬೆಂದ ಜೋಳದ ವಾಸನೆಯ ಒಂದು ಗಂಧಕ ಸಂಯುಕ್ತ ಆವಿಯೊಂದಿಗೆ ಹೊರಟುಹೋಗಬೇಕು. ಒಲೆ ಆರಿಸಿದ ಮೇಲೆ ಮುಚ್ಚಿ. ಸಿಂಕ್ ಅಥವಾ ಅಗಲ ತೊಟ್ಟಿಯಲ್ಲಿ ಐಸ್ ನೀರು ತುಂಬಿ ಪಾತ್ರೆಯನ್ನು ಇಳಿಸಿ, ನೀರನ್ನು ಆಗಾಗ ಬದಲಿಸಿದರೆ ಒಂದು ಗಂಟೆಯೊಳಗೆ 20 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ.

ತೊಳೆಯುವುದು ಬೇರೆ, ಸೋಂಕು ಕಳೆಯುವುದು ಬೇರೆ

ಇಲ್ಲಿಂದ ಮುಂದೆ ಬಿಯರ್‌ಗೆ ತಗಲುವ ಪ್ರತಿಯೊಂದು ವಸ್ತುವೂ ಎರಡು ಸ್ನಾನ ಮಾಡಿರಬೇಕು. ಮೊದಲನೆಯದು ಕೊಳೆ ತೆಗೆಯುವ ಸ್ನಾನ. ಇದಕ್ಕೆ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ನನಗೆ ಬಹಳ ಹಿಡಿಸಿದೆ. ಬಿಸಿ ನೀರಿಗೆ ಹಾಕಿ ಪಾತ್ರೆಯನ್ನು ನೆನೆಸಿಟ್ಟರೆ ಒಣಗಿ ಅಂಟಿದ ಹುದುಗಿನ ಪಟ್ಟೆಯೂ ತಾನಾಗಿ ಬಿಡುತ್ತದೆ, ಉಜ್ಜುವ ಕೆಲಸವೇ ಬೀಳುವುದಿಲ್ಲ. ಎರಡನೆಯದು ಉಳಿದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಸ್ನಾನ. ಎರಡನೆಯದಕ್ಕೆ ಎಷ್ಟೇ ಒಳ್ಳೆಯ ರಾಸಾಯನಿಕ ತಂದರೂ ಮೊದಲನೆಯದು ಆಗದಿದ್ದರೆ ಅದು ವ್ಯರ್ಥ. ಕೊಳೆಯ ಪದರದ ಕೆಳಗೆ ಕುಳಿತ ಬ್ಯಾಕ್ಟೀರಿಯಾವನ್ನು ಅದು ಮುಟ್ಟುವುದೇ ಇಲ್ಲ.

ಸೋಂಕುನಿವಾರಕಗಳಲ್ಲಿ ಫಾಸ್ಫಾರಿಕ್ ಆಮ್ಲ ಆಧಾರಿತ ದ್ರಾವಣ, ಅಯೋಡಿನ್ ಆಧಾರಿತ ದ್ರಾವಣ ಎರಡೂ ಮನೆ ಬಿಯರ್‌ಗೆ ಹೇಳಿ ಮಾಡಿಸಿದಂತಿವೆ. ತಯಾರಕರು ಹೇಳಿದ ಪ್ರಮಾಣದಲ್ಲಿ ಬೆರೆಸಿದರೆ ಒಂದೆರಡು ನಿಮಿಷ ತಾಗಿದರೆ ಸಾಕು, ಮತ್ತೆ ನೀರಿನಲ್ಲಿ ತೊಳೆಯಬೇಕಾಗಿಲ್ಲ. ಆಮ್ಲದ ದ್ರಾವಣ ವಿಪರೀತ ನೊರೆ ಬರುತ್ತದೆ, ಆ ನೊರೆ ಪಾತ್ರೆಯಲ್ಲಿ ಉಳಿದರೂ ತೊಂದರೆಯಿಲ್ಲ. ಬಟ್ಟೆಗೆ ಹಾಕುವ ಬ್ಲೀಚ್ ಅಗ್ಗವೆಂದು ಬಳಸಬೇಡಿ. ಅದರ ಕ್ಲೋರಿನ್ ಒಂದಿಷ್ಟು ಉಳಿದರೂ ಬಿಯರ್‌ನ ಫಿನಾಲ್‌ಗಳೊಂದಿಗೆ ಸೇರಿ ಔಷಧದ ರುಚಿ ತರುತ್ತದೆ, ಸ್ಟೀಲ್ ಪಾತ್ರೆಗೂ ಕಲೆ ಕೊರೆಯುತ್ತದೆ. ಬ್ಲೀಚ್ ಅನ್ನು ಆಮ್ಲದೊಂದಿಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ, ಆದ್ದರಿಂದ ಅವೆರಡನ್ನೂ ಒಂದೇ ಕಪಾಟಿನಲ್ಲಿಯೂ ಇಡಬೇಡಿ.

ಬಿಯರ್ ಕೆಡುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ಲೂಯಿ ಪಾಶ್ಚರ್ 1876ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದರು. 1883ರಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದರು. ಇಂದು 11 ಗ್ರಾಂ ಪೊಟ್ಟಣದಲ್ಲಿ ನಮ್ಮ ಕೈಗೆ ಬರುವ ಒಣ ಯೀಸ್ಟ್ ಆ ಶುದ್ಧತೆಯ ಫಲ. ಅದನ್ನು ಕೊಳಕು ಕೊಳವೆಯ ಮೂಲಕ ಹಾಳು ಮಾಡಿಕೊಂಡರೆ ನೂರೈವತ್ತು ವರ್ಷ ಹಿಂದಕ್ಕೆ ಹೋದಂತೆ.

ಹುದುಗು ಪಾತ್ರೆ

10 ಲೀಟರ್ ವರ್ಟ್‌ಗೆ 14–15 ಲೀಟರಿನ ಪಾತ್ರೆ ಬೇಕು. ಹುದುಗು ಜೋರಾದಾಗ ಮೇಲೆ ದಪ್ಪ ನೊರೆ ಕಟ್ಟುತ್ತದೆ, ಖಾಲಿ ಜಾಗ ಅದಕ್ಕೆ. ಆಹಾರಕ್ಕೆ ಯೋಗ್ಯವೆಂದು ಗುರುತಿಸಿದ ಪ್ಲಾಸ್ಟಿಕ್‌ನ, ಬಿಗಿ ಮುಚ್ಚಳದ ಬಕೆಟ್ ಮೊದಲಿಗೆ ಸಾಕು. ಬಣ್ಣ, ಸೋಪು, ಉಪ್ಪಿನಕಾಯಿ ತುಂಬಿದ್ದ ಹಳೆಯ ಬಕೆಟ್ ಬೇಡ, ಪ್ಲಾಸ್ಟಿಕ್ ಹೀರಿಕೊಂಡ ವಾಸನೆಯನ್ನು ಬಿಡುವುದಿಲ್ಲ. ಒಳಗೆ ಒರಟು ಬ್ರಷ್ಷನ್ನಾಗಲಿ ಕಬ್ಬಿಣದ ನಾರನ್ನಾಗಲಿ ಎಂದೂ ಹಾಕಬೇಡಿ. ಕಣ್ಣಿಗೆ ಕಾಣದ ಒಂದು ಗೀರೂ ಸೋಂಕಿನ ಮನೆಯಾಗುತ್ತದೆ. ಗೀರು ಬಿದ್ದ ಬಕೆಟ್ಟನ್ನು ಧಾನ್ಯ ತುಂಬಿಡಲು ಕಳುಹಿಸಿ ಹೊಸದು ತನ್ನಿ.

ಗಾಜಿನ ದೊಡ್ಡ ಜಾಡಿ ನೋಡಲು ಬಹಳ ಸುಂದರ. ಗೀರು ಬೀಳುವುದಿಲ್ಲ, ಗಾಳಿ ಒಳಬರುವುದಿಲ್ಲ, ಒಳಗೆ ನಡೆಯುವ ಕುಣಿತವೆಲ್ಲ ಕಾಣುತ್ತದೆ. ಆದರೂ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಸಾಕಷ್ಟು ತಣಿಯದ ವರ್ಟ್ ಸುರಿದಾಗ ನನ್ನ ಮೊದಲ ಜಾಡಿಯ ತಳ ಒಂದೇ ಸದ್ದಿಗೆ ಕಳಚಿ ಬಿತ್ತು, ಪಾದಕ್ಕೆ ಪೆಟ್ಟಾಗದೆ ಉಳಿದದ್ದು ಅದೃಷ್ಟ. ಒದ್ದೆ ಕೈಯಿಂದ ಜಾರುವ ಗಾಜು ಆಳವಾಗಿ ಕೊಯ್ಯುತ್ತದೆ. ಗಾಜಿನ ಪಾರದರ್ಶಕತೆ ಬೇಕೇ ಬೇಕೆಂದರೆ ಪೆಟ್ ಪ್ಲಾಸ್ಟಿಕ್‌ನ ಜಾಡಿಗಳಿವೆ.

ಮುಚ್ಚಳದ ತೂತಿಗೆ ರಬ್ಬರ್ ಬಿರಡೆ, ಅದರಲ್ಲಿ ಏರ್‌ಲಾಕ್. ನೀರು ತುಂಬಿದ ಈ ಪುಟ್ಟ ಸಾಧನ ಒಳಗಿನ ಅನಿಲವನ್ನು ಹೊರಬಿಡುತ್ತದೆ, ಹೊರಗಿನ ಗಾಳಿಯನ್ನು ತಡೆಯುತ್ತದೆ. ಶೇಕಡಾ 5ರಷ್ಟು ಮದ್ಯಸಾರದ ಒಂದು ಲೀಟರ್ ಬಿಯರ್ ಆಗುವಷ್ಟರಲ್ಲಿ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಹತ್ತು ಲೀಟರಿಗೆ ಇನ್ನೂರು ಲೀಟರ್ ಅನಿಲ! ಮುಚ್ಚಳವನ್ನು ಗಾಳಿಯಾಡದಂತೆ ಬಿಗಿದು ಬಿಟ್ಟರೆ ಪಾತ್ರೆ ಸಿಡಿಯುವುದರಲ್ಲಿ ಅನುಮಾನವಿಲ್ಲ. ಮೂರು ಬಿಡಿಭಾಗಗಳಾಗಿ ಕಳಚಿ ಬರುವ ಏರ್‌ಲಾಕ್ ಆರಿಸಿ, ಅದನ್ನು ತೊಳೆಯುವುದು ಸುಲಭ. ನೊರೆ ಏರ್‌ಲಾಕಿಗೇ ಏರಿ ಬಂದರೆ ಅದನ್ನು ತೆಗೆದು, ಅಗಲ ಕೊಳವೆಯೊಂದನ್ನು ತೂರಿಸಿ, ಕೊಳವೆಯ ಇನ್ನೊಂದು ತುದಿಯನ್ನು ಸೋಂಕುನಿವಾರಕ ತುಂಬಿದ ಬಾಟಲಿಯಲ್ಲಿ ಮುಳುಗಿಸಿ.

ಬಕೆಟ್‌ನ ಕೆಳಗೆ ನಲ್ಲಿ ಇದ್ದರೆ ಅನುಕೂಲ, ಜೊತೆಗೆ ಅಪಾಯವೂ ಅಲ್ಲಿಯೇ. ಬಿಯರ್ ಹುಳಿಯಾಯಿತು ಎಂದು ಬಂದವರಿಗೆ ನಾನು ಮೊದಲು ಕೇಳುವುದು ನಲ್ಲಿಯನ್ನು ಬಿಚ್ಚಿ ತೊಳೆದಿರಾ ಎಂದು. ಪ್ರತಿ ಸಲವೂ ನಟ್ಟು, ವಾಷರ್ ಎಲ್ಲವನ್ನೂ ಬಿಡಿಸಿ ತೊಳೆಯಬೇಕು.

ಉಷ್ಣತೆ: ಐಚ್ಛಿಕವೆಂದು ಬರೆಯುತ್ತಾರೆ, ನಾನು ಒಪ್ಪುವುದಿಲ್ಲ

ಉಷ್ಣತೆ ನಿಯಂತ್ರಣವನ್ನು ಬಹಳಷ್ಟು ಪಟ್ಟಿಗಳು ಕೊನೆಯಲ್ಲಿ, ಇದ್ದರೆ ಒಳ್ಳೆಯದು ಎಂಬ ವಸ್ತುಗಳ ಸಾಲಿಗೆ ಹಾಕುತ್ತವೆ. ನನ್ನ ಹಾಳೆಯಲ್ಲಿ ಅದಕ್ಕೆ ಗೆರೆಯ ಬಲಗಡೆ, ಹುದುಗು ಪಾತ್ರೆಯ ಪಕ್ಕದಲ್ಲೇ ಜಾಗ. ಬಿಯರ್‌ನ ಎರಡು ಮುಖ್ಯ ಬಗೆಗಳು ಏಲ್, ಲಾಗರ್. ಏಲ್ ಜಾತಿಯ ಯೀಸ್ಟ್‌ಗಳಿಗೆ ಹೆಚ್ಚಾಗಿ 18ರಿಂದ 22 ಡಿಗ್ರಿ, ಲಾಗರ್ ಯೀಸ್ಟ್‌ಗಳಿಗೆ 8ರಿಂದ 13 ಡಿಗ್ರಿ ಸೆಲ್ಸಿಯಸ್ ಹಿತ. ಹುದುಗುವ ಕ್ರಿಯೆ ತಾನೇ ಶಾಖ ಹುಟ್ಟಿಸುವುದರಿಂದ ದ್ರವ ಕೋಣೆಗಿಂತ ಮೂರರಿಂದ ಐದು ಡಿಗ್ರಿ ಹೆಚ್ಚು ಬಿಸಿಯಿರಬಹುದು. ಕೋಣೆ 24 ಇದ್ದರೆ ಯೀಸ್ಟ್ 28ರಲ್ಲಿ ಬೇಯುತ್ತಿರುತ್ತದೆ. ಅಂಥ ಬಿಯರ್ ಗಂಟಲು ಸುಡುತ್ತದೆ, ತೀರಾ ಮಾಗಿದ ಹಣ್ಣಿನ ವಾಸನೆ ಬರುತ್ತದೆ. ಹಾಪ್ಸ್ ಬದಲಿಸಿದರೂ ಮಾಲ್ಟ್ ಬದಲಿಸಿದರೂ ಆ ದೋಷ ಹೋಗುವುದಿಲ್ಲ.

ಅತ್ಯಂತ ಸರಳ ಉಪಾಯಕ್ಕೆ ವಿದ್ಯುತ್ ಬೇಡ. ಪಾತ್ರೆಯನ್ನು ಅಗಲ ತೊಟ್ಟಿಯ ನೀರಿನಲ್ಲಿ ನಿಲ್ಲಿಸಿ, ಹಳೆಯ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ಅಂಚು ನೀರಿನಲ್ಲಿ ಮುಳುಗಿರಲಿ. ಬೆಳಿಗ್ಗೆ, ಸಂಜೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯೊಂದನ್ನು ತೊಟ್ಟಿಗೆ ಹಾಕಿ. ಮೊದಲ ಮೂರು ದಿನ ಇದನ್ನು ತಪ್ಪಿಸಬಾರದು, ರುಚಿ ನಿರ್ಧಾರವಾಗುವುದು ಮುಖ್ಯವಾಗಿ ಆಗಲೇ. ಪಾತ್ರೆಯ ಹೊರಮೈಗೆ ಅಂಟಿಸುವ ಪಟ್ಟಿಯಂಥ ಥರ್ಮಾಮೀಟರ್ ಒಂದಿದ್ದರೆ ಸ್ಥಿತಿ ಕಣ್ಣಿಗೆ ಕಾಣುತ್ತದೆ. ಮುಂದೆ ಹಣ ಕೂಡಿದಾಗ ಹಳೆಯ ಫ್ರಿಜ್ ಮತ್ತು ಉಷ್ಣತಾ ನಿಯಂತ್ರಕ ತಂದರೆ ಲಾಗರ್‌ಗೂ ದಾರಿ ತೆರೆಯುತ್ತದೆ. ನಿಯಂತ್ರಕದ ತಂತಿಯ ತುದಿಯನ್ನು ಫ್ರಿಜ್‌ನ ಗಾಳಿಯಲ್ಲಿ ತೂಗುಬಿಡದೆ ಪಾತ್ರೆಯ ಮೈಗೆ ಒತ್ತಿ ಅಂಟಿಸಿ, ಮೇಲೆ ಸ್ಪಂಜು ಹಚ್ಚಿ. ಬಿಸಿ ತಗ್ಗದ ಜಾಗದಲ್ಲಿರುವವರು ನಾರ್ವೆಯ ಹಳ್ಳಿಗಳಲ್ಲಿ ಉಳಿದು ಬಂದ ಕ್ವೈಕ್ ಎಂಬ ಯೀಸ್ಟ್ ಪ್ರಯತ್ನಿಸಬಹುದು. ಅದರ ಹಲವು ತಳಿಗಳು 30 ಡಿಗ್ರಿಯ ಮೇಲೂ ಶುಚಿಯಾದ ಬಿಯರ್ ಕೊಡುತ್ತವೆ.

ಅಳೆಯುವ ಸಾಧನಗಳು

ಥರ್ಮಾಮೀಟರ್ ಯಾವುದಾದರೂ ಸರಿ, ಆದರೆ ಅದನ್ನು ಪರೀಕ್ಷಿಸಿಕೊಳ್ಳಿ. ಪುಡಿ ಮಾಡಿದ ಐಸ್ ಮತ್ತು ನೀರಿನ ಮಿಶ್ರಣದಲ್ಲಿ ಅದು 0 ತೋರಿಸಬೇಕು.

ಹೈಡ್ರೋಮೀಟರ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಅದು ನಿಮ್ಮ ಸುರಕ್ಷತೆಯ ಸಾಧನವೂ ಹೌದು. ದ್ರವದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಈ ಗಾಜಿನ ತೇಲುಗಡ್ಡಿ ಮೇಲೆ ನಿಲ್ಲುತ್ತದೆ. ಅದರ ಅಂಕಿ ನೀರಿಗೆ ಹೋಲಿಸಿದ ಸಾಂದ್ರತೆ, ಬರಿಯ ನೀರಿಗೆ 1.000. ಆರಂಭದಲ್ಲಿ 1.050, ಕೊನೆಯಲ್ಲಿ 1.010 ಬಂದರೆ ವ್ಯತ್ಯಾಸ 0.040. ಅದನ್ನು 131.25ರಿಂದ ಗುಣಿಸಿದರೆ ಮದ್ಯಸಾರ ಶೇಕಡಾ 5.25. ಹೆಚ್ಚಿನ ಹೈಡ್ರೋಮೀಟರ್‌ಗಳು 20 ಡಿಗ್ರಿಗೆ ಹೊಂದಿಸಿರುತ್ತವೆ. 30 ಡಿಗ್ರಿಯ ದ್ರವದಲ್ಲಿ ಅಳೆದರೆ 0.002ರಿಂದ 0.003ರಷ್ಟು ಕಡಿಮೆ ತೋರಿಸುತ್ತದೆ. ಮಾದರಿಯನ್ನು ಎತ್ತರದ ಅಳತೆ ಕೊಳವೆಗೆ ಹಾಕಿ, ಕಡ್ಡಿಯನ್ನು ತಿರುಗಿಸಿ ಗುಳ್ಳೆ ಬಿಡಿಸಿ, ದ್ರವದ ಸಮತಟ್ಟಾದ ಮಟ್ಟದಲ್ಲಿ ಓದಿ. ಅಳೆದ ಮಾದರಿಯನ್ನು ಮತ್ತೆ ಪಾತ್ರೆಗೆ ಸುರಿಯದೆ ರುಚಿ ನೋಡಿ. ಹುದುಗಿನ ಯಾವ ಹಂತದಲ್ಲಿ ಯಾವ ರುಚಿ ಎಂದು ಕಲಿಸುವ ಪಾಠ ಅದು.

ಏರ್‌ಲಾಕಿನ ಗುಳ್ಳೆ ನಿಂತಿತೆಂದು ಹುದುಗು ಮುಗಿಯಿತು ಎನ್ನಲಾಗದು. ಮುಚ್ಚಳದ ಅಂಚಿನಲ್ಲಿ ಸೋರಿಕೆಯಿದ್ದರೂ ಗುಳ್ಳೆ ನಿಲ್ಲುತ್ತದೆ. ಎರಡು ಮೂರು ದಿನಗಳ ಅಂತರದಲ್ಲಿ ತೆಗೆದ ಎರಡು ಅಳತೆ ಒಂದೇ ಆಗಿದ್ದರೆ, ಅದೂ ಪಾಕವಿಧಾನ ಹೇಳಿದ ಅಂಕಿಯ ಆಸುಪಾಸಿನಲ್ಲಿದ್ದರೆ, ಮುಗಿದಿದೆ. ಅದಕ್ಕೂ ಮೊದಲು ಬಾಟಲಿ ತುಂಬಿದರೆ ಉಳಿದ ಸಕ್ಕರೆ ಒಳಗೇ ಹುದುಗಿ ಬಾಟಲಿ ಸಿಡಿಯುತ್ತದೆ. ಗಾಜಿನ ಚೂರು ಗೋಡೆಗೆ ನಾಟಿದ್ದನ್ನು ನಾನು ಕಂಡಿದ್ದೇನೆ.

ಬಾಟಲಿಗೆ ಇಳಿಸುವಾಗ

ಹುದುಗು ಮುಗಿದ ಬಿಯರ್‌ನ ದೊಡ್ಡ ಶತ್ರು ಆಮ್ಲಜನಕ. ಯೀಸ್ಟ್ ಹಾಕುವ ಮುನ್ನ ವರ್ಟ್‌ಗೆ ಗಾಳಿ ಬೇಕು, ಪಾತ್ರೆಯನ್ನು ಚೆನ್ನಾಗಿ ಕುಲುಕಬೇಕು. ಈಗ ಅದೇ ಗಾಳಿ ಬಿಯರ್‌ಗೆ ನೆನೆದ ರಟ್ಟಿನ ರುಚಿ ತರುತ್ತದೆ. ಆದ್ದರಿಂದ ಸುರಿಯುವುದು ನಿಷಿದ್ಧ. ಸೈಫನ್ ಕೊಳವೆಯಿಂದ, ಸದ್ದಿಲ್ಲದೆ, ತಳದ ಗಷ್ಟು ಕದಡದಂತೆ ಇಳಿಸಬೇಕು. ಕೊಳವೆಯನ್ನು ಬಾಯಿಂದ ಎಳೆಯಬೇಡಿ, ಬಾಯಿಯ ಬ್ಯಾಕ್ಟೀರಿಯಾ ಬಿಯರ್‌ಗೆ ಹೋಗುತ್ತದೆ. ಒಂದೆರಡು ಸಲ ಮೇಲೆ ಕೆಳಗೆ ಎಳೆದರೆ ಹರಿವು ಆರಂಭಿಸುವ ಪಂಪ್ ಸೈಫನ್ ಸಿಗುತ್ತದೆ, ಇದರ ಮೇಲೆ ಹಾಕುವ ಹಣ ಸಾರ್ಥಕ.

ನಲ್ಲಿಯಿರುವ ಎರಡನೇ ಬಕೆಟ್ ಬೇಕು. ಲೀಟರಿಗೆ ಸುಮಾರು 6 ಗ್ರಾಂ ಲೆಕ್ಕದಲ್ಲಿ, ಅಂದರೆ 10 ಲೀಟರಿಗೆ 60 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಆರಿಸಿ, ಈ ಬಕೆಟ್ಟಿಗೆ ಮೊದಲು ಹಾಕಿ. ಅದರ ಮೇಲೆ ಬಿಯರ್ ಸುತ್ತುತ್ತಾ ತುಂಬಿದರೆ ತಾನಾಗಿ ಬೆರೆಯುತ್ತದೆ. ಸಕ್ಕರೆಯನ್ನು ಚಮಚದಲ್ಲಿ ಅಂದಾಜಿಸಬೇಡಿ, ತೂಗಿ. ನಲ್ಲಿಗೆ ಸಿಕ್ಕಿಸುವ, ತುದಿ ಒತ್ತಿದರೆ ಮಾತ್ರ ಹರಿಯುವ ತುಂಬುಕೊಳವೆ ಸಣ್ಣ ವಸ್ತುವಾದರೂ ಬಹಳ ಉಪಕಾರಿ. ಬಾಟಲಿಯ ಅಂಚಿನವರೆಗೆ ತುಂಬಿ ಕೊಳವೆ ಹೊರತೆಗೆದರೆ ಮೇಲೆ ಬಿಡಬೇಕಾದಷ್ಟು ಜಾಗ ತಾನೇ ಉಳಿಯುತ್ತದೆ.

ಬಾಟಲಿ ಕಂದು ಬಣ್ಣದ್ದಿರಲಿ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ದುರ್ವಾಸನೆಯ ಗಂಧಕ ಸಂಯುಕ್ತವಾಗುತ್ತದೆ. ಹಸಿರು ಗಾಜು ಹೆಚ್ಚೇನೂ ತಡೆಯುವುದಿಲ್ಲ, ಬಿಳಿ ಗಾಜಂತೂ ತಡೆಯುವುದೇ ಇಲ್ಲ. 330 ಮಿಲಿಲೀಟರಿನ 30 ಬಾಟಲಿ ಕೂಡಿಡಿ. ಒತ್ತಡ ತಾಳುವಂತೆ ಮಾಡಿದ ಬಿಯರ್ ಬಾಟಲಿಗಳೇ ಬೇಕು, ತಿರುಗಿಸಿ ತೆಗೆಯುವ ಬಾಯಿಯವು ಬೇಡ. ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ಕ್ರೌನ್ ಮುಚ್ಚಳವೇ ಇಂದಿಗೂ ನಮ್ಮದು, ಬಹುತೇಕ ಬಾಟಲಿಗಳಿಗೆ 26 ಮಿಲಿಮೀಟರಿನದು. ಅದನ್ನು ಒತ್ತಲು ಎರಡು ಹಿಡಿಯ ಕೈಯಂತ್ರ ಸಾಕು. ಮೇಜಿನ ಮೇಲೆ ನಿಲ್ಲುವ ಯಂತ್ರ ಹೆಚ್ಚು ಸ್ಥಿರ, ವರ್ಷಕ್ಕೆ ನೂರಾರು ಬಾಟಲಿ ತುಂಬುವವರಿಗೆ ತಕ್ಕದ್ದು. ಪ್ರತಿ ಸಲವೂ ಒಂದು ಪೆಟ್ ಬಾಟಲಿಯನ್ನೂ ತುಂಬಿಡಿ. ಅದನ್ನು ಹಿಂಡಿ ನೋಡಿದರೆ ಒಳಗೆ ಎಷ್ಟು ಅನಿಲ ಕಟ್ಟಿದೆ ಎಂದು ಗಾಜು ತೆರೆಯದೆಯೇ ಗೊತ್ತಾಗುತ್ತದೆ.

ಆಮೇಲೆ ಕೊಳ್ಳಬಹುದಾದವು

ನಾಲ್ಕೈದು ಬಾರಿ ಮಾಡಿದ ಮೇಲೆ ಧಾನ್ಯದಿಂದಲೇ ಮಾಡುವ ಆಸೆ ಬರುತ್ತದೆ, ಬರಲಿ. ದೊಡ್ಡ ವ್ಯವಸ್ಥೆ ಬೇಡ, ಪಾತ್ರೆಯೊಳಗೆ ಪೂರ್ತಿ ಕೂರುವ ಸಣ್ಣ ರಂಧ್ರದ ಬಟ್ಟೆ ಚೀಲವೊಂದು ಸಾಕು. ಒಡೆದ ಮಾಲ್ಟ್ ಅನ್ನು ಚೀಲದಲ್ಲಿ 65ರಿಂದ 68 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇಟ್ಟು, ಚೀಲ ಎತ್ತಿ ಸೋರಲು ಬಿಟ್ಟು, ಉಳಿದ ದ್ರವವನ್ನು ಕುದಿಸುವುದು. ಆಸ್ಟ್ರೇಲಿಯಾದ ಹವ್ಯಾಸಿಗಳು ಬೆಳೆಸಿದ ಈ ಕ್ರಮ ನನ್ನ ಮೆಚ್ಚಿನದು. ಮಾಲ್ಟ್ ಒಡೆಸಿಕೊಂಡೇ ತರಬಹುದು, ಆದ್ದರಿಂದ ಎರಡು ಉರುಳೆಯ ಗಿರಣಿ ಅವಸರದ್ದಲ್ಲ. ಹಿಟ್ಟು ಬೀಸುವ ಯಂತ್ರಕ್ಕೆ ಮಾತ್ರ ಹಾಕಬೇಡಿ. ಕಾಳು ಒಡೆಯಬೇಕು, ಸಿಪ್ಪೆ ಉಳಿಯಬೇಕು.

ತಾಮ್ರ ಅಥವಾ ಸ್ಟೀಲಿನ ತಣಿಸುವ ಸುರುಳಿ 19 ಲೀಟರಿಗೆ ಏರಿದ ದಿನ ಅಗತ್ಯವಾಗುತ್ತದೆ, ಅದಕ್ಕೂ ಮುನ್ನ ಅಲ್ಲ. ರಿಫ್ರ್ಯಾಕ್ಟೋಮೀಟರ್ ಎರಡು ಹನಿಯಲ್ಲಿ ಸಕ್ಕರೆ ಹೇಳುತ್ತದೆ, ಕುದಿಯುವಾಗ ಬಹಳ ಉಪಯುಕ್ತ. ಮದ್ಯಸಾರ ಹುಟ್ಟಿದ ಮೇಲೆ ಅದರ ಅಂಕಿಗೆ ತಿದ್ದುಪಡಿಯ ಸೂತ್ರ ಬೇಕು, ಹೀಗಾಗಿ ಹೈಡ್ರೋಮೀಟರನ್ನು ಅದು ಕೆಳಗಿಳಿಸಲಾರದು. ದ್ರವದ ಹುಳಿ, ಅಂದರೆ ಆಮ್ಲೀಯತೆ ಅಳೆಯುವ ಪಿಎಚ್ ಮೀಟರ್ ನೀರಿನ ಲವಣಗಳನ್ನು ಹೊಂದಿಸಲು ಕಲಿಯುವವರಿಗೆ. ಪಿಎಚ್ ಮಾಪನವೇ 1909ರಲ್ಲಿ ಹ್ಯಾನ್ಸನ್ ದುಡಿದಿದ್ದ ಅದೇ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಸೋರೆನ್‌ಸನ್ ಅವರ ಕೈಯಲ್ಲಿ ಹುಟ್ಟಿತು ಎಂಬುದು ಬಿಯರ್ ಮಾಡುವವರಿಗೆ ಹೆಮ್ಮೆಯ ಸಂಗತಿ. ದ್ರವ ಯೀಸ್ಟ್ ಬೆಳೆಸಲು ಕಾಂತದ ಕಲಕು ಯಂತ್ರವಿದೆ, ಒಣ ಯೀಸ್ಟ್ ಬಳಸುವವರಿಗೆ ಅದರ ಕೆಲಸವಿಲ್ಲ.

ಬಾಟಲಿ ತೊಳೆದು ಬೇಸತ್ತವರ ಕನಸು ಕೆಗ್. 19 ಲೀಟರಿನ ಸ್ಟೀಲ್ ಪೀಪಾಯಿ, ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ಒತ್ತಡ ನಿಯಂತ್ರಕ, ಕೊಳವೆಗಳು, ಇವೆಲ್ಲ ಹಿಡಿಸುವ ಫ್ರಿಜ್. ಗಾಳಿ ತಾಗದ ಬಿಯರ್ ಹೆಚ್ಚು ಕಾಲ ತಾಜಾ ಉಳಿಯುತ್ತದೆ, ಹಾಪ್ಸ್ ಪರಿಮಳ ಪ್ರಧಾನವಾದವುಗಳಲ್ಲಿ ವ್ಯತ್ಯಾಸ ಸ್ಪಷ್ಟ. ಸಿಲಿಂಡರನ್ನು ಗೋಡೆಗೆ ಕಟ್ಟಿ ನೇರ ನಿಲ್ಲಿಸಿ, ಗಾಳಿಯಾಡುವ ಕೋಣೆಯಲ್ಲಿಡಿ. ಸೋರಿದ ಅನಿಲ ವಾಸನೆಯಿಲ್ಲದೆ ಉಸಿರು ಕಟ್ಟಿಸುತ್ತದೆ. ಫ್ರಿಜ್ ಒಂದೇ ಇದ್ದರೆ ಅದನ್ನು ಕೆಗ್‌ಗೆ ಕೊಡದೆ ಹುದುಗು ಪಾತ್ರೆಗೇ ಕೊಡಿ.

ನೀರಿನ ತಾಲೀಮು

ಎಲ್ಲ ತಂದಾಯಿತು. ಮಾಲ್ಟ್ ಪೊಟ್ಟಣ ಒಡೆಯುವ ಮುನ್ನ ಒಂದು ಸಂಜೆ ಬರಿಯ ನೀರಿನಲ್ಲಿ ಇಡೀ ಕೆಲಸವನ್ನು ಮಾಡಿ ನೋಡಿ. ಹುದುಗು ಪಾತ್ರೆಗೆ ಒಂದೊಂದೇ ಲೀಟರ್ ಅಳೆದು ಸುರಿದು ಹೊರಗೆ ಗುರುತು ಹಾಕಿ, ಮುಂದೆ ಆ ಗೆರೆಗಳೇ ನಿಮ್ಮ ಅಳತೆ. 13 ಲೀಟರ್ ನಿಮ್ಮ ಒಲೆಯ ಮೇಲೆ ಕುದಿ ಹತ್ತಲು ಎಷ್ಟು ಹೊತ್ತು, ಒಂದು ಗಂಟೆಯಲ್ಲಿ ಎಷ್ಟು ಇಂಗುತ್ತದೆ ಎಂದು ಬರೆದಿಡಿ. ಹೈಡ್ರೋಮೀಟರ್ 20 ಡಿಗ್ರಿಯ ನೀರಿನಲ್ಲಿ 1.000 ತೋರಿಸುತ್ತದೆಯೇ ನೋಡಿ. ನಲ್ಲಿಯ ಕೆಳಗೆ ಒಣ ಕಾಗದ ಇಟ್ಟು ರಾತ್ರಿ ಬಿಡಿ. ಸೈಫನ್ ಹಿಡಿಯುವ ಕೈಚಳಕ ಎರಡನೇ ಸಲಕ್ಕೆ ಬರುತ್ತದೆ, ಆ ಮೊದಲ ಸಲ ನೀರಿನದೇ ಆಗಿರಲಿ. ಎರಡು ಬಾಟಲಿಗೆ ನೀರು ತುಂಬಿ, ಮುಚ್ಚಳ ಒತ್ತಿ, ತಲೆಕೆಳಗಾಗಿ ನಿಲ್ಲಿಸಿ. ಬೆಳಿಗ್ಗೆ ಕಾಗದವೂ ಬಾಟಲಿಯ ಕೆಳಗಿನ ಮೇಜೂ ಒಣಗಿದ್ದರೆ ಅಂದೇ ಒಲೆ ಹಚ್ಚಬಹುದು.